ಸದ್ದು ಹೀರುವ ಗೋಡೆ, ಸದ್ದು ತಡೆಯುವ ಗೋಡೆ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈಗ ಯಾರದೋ ಮನೆಯ ಮಹಡಿಯ ಮೇಲೊಂದು ಸ್ಟುಡಿಯೊ ಇರುತ್ತದೆ. ಪಾಡ್‌ಕಾಸ್ಟ್ ಮಾಡುವವರು, ಕಾದಂಬರಿ ಓದಿ ಆಡಿಯೊ ಪುಸ್ತಕ ತರುವವರು, ದೇವರನಾಮ ಹಾಡುವವರು, ಕಿರುಚಿತ್ರಕ್ಕೆ ಡಬ್ಬಿಂಗ್ ಮಾಡುವವರು, ಎಲ್ಲರಿಗೂ ಒಂದು ಕೋಣೆ, ಒಂದು ಮೈಕು, ಒಂದು ಕಂಪ್ಯೂಟರ್ ಇದ್ದರೆ ಕೆಲಸ ನಡೆಯುತ್ತದೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಹೀಗೇ. ಮನೆಯಲ್ಲೇ ಸ್ಟುಡಿಯೊ ಎಂಬುದು ನಮಗೇನೂ ಹೊಸದಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಶುರು ಮಾಡಿದ್ದರು. ಈಗ ಹೊಸದಾಗಿ ಬಂದಿರುವುದು ಗೋಡೆ ತುಂಬ ಅಂಟಿಸುವ ಕಪ್ಪು ಫೋಮು, ಮತ್ತು ಅದರ ಜೊತೆಗೆ ಬರುವ ಒಂದು ನಂಬಿಕೆ: ‘ಸೌಂಡ್‌ಪ್ರೂಫ್ ಆಯ್ತು.’

ಆಗಿರುವುದಿಲ್ಲ. ತರಕಾರಿ ಗಾಡಿಯ ಧ್ವನಿವರ್ಧಕ, ಮೇಲಿನ ಮನೆಯ ಮಿಕ್ಸಿ, ಸಂಪಿನ ಮೋಟರು, ಎದುರು ಮನೆಯ ನಾಯಿ ಎಲ್ಲವೂ ಮೊದಲಿನಂತೆಯೇ ಮೈಕಿಗೆ ಬೀಳುತ್ತಿರುತ್ತವೆ. ಇದಕ್ಕೆ ಫೋಮಿನ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಸ್ಟುಡಿಯೊ ಕಟ್ಟುವುದೆಂದರೆ ಎರಡು ಬೇರೆ ಬೇರೆ ಕೆಲಸ. ಹೊರಗಿನ ಸದ್ದು ಒಳಗೆ, ಒಳಗಿನದು ಹೊರಗೆ ಹೋಗದಂತೆ ತಡೆಯುವುದು ಒಂದು. ಒಳಗೆ ಹುಟ್ಟಿದ ಸದ್ದು ಗೋಡೆಗಳ ನಡುವೆ ಪುಟಿದಾಡಿ ಕಲಸಿಹೋಗದಂತೆ ಹದ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಬೇಕಾದ ಗುಣ ಎರಡನೆಯದಕ್ಕೆ ಬೇಡ, ಎರಡನೆಯದಕ್ಕೆ ಬೇಕಾದದ್ದು ಮೊದಲನೆಯದಕ್ಕೆ ಸಾಲದು. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ದುಡ್ಡು ಹಾಳಾಗುತ್ತದೆ.

ವ್ಯತ್ಯಾಸ ತಿಳಿಯಲು ಈ ವಿದ್ಯೆ ಹುಟ್ಟಿದ ಕೋಣೆಗೇ ಹೋಗಬೇಕು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದಲ್ಲಿ ಹೊಸ ಉಪನ್ಯಾಸ ಸಭಾಂಗಣವಿತ್ತು. ಅಲ್ಲಿ ಆಡಿದ ಒಂದು ಮಾತು ಐದೂವರೆ ಸೆಕೆಂಡು ಅನುರಣಿಸುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕರು ಹತ್ತಾರು ಪದ ಮುಂದೆ ಹೋಗಿರುತ್ತಿದ್ದರು. ವಿದ್ಯಾರ್ಥಿಗಳಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಸರಿಪಡಿಸುವ ಕೆಲಸ 27 ವರ್ಷದ ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್ ಅವರ ಪಾಲಿಗೆ ಬಂತು. ಊರು ಮಲಗಿದ ಮೇಲೆ ಅವರು ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನದ ದಿಂಬುಗಳನ್ನು ಹೊತ್ತು ತರಿಸಿ, ಆರ್ಗನ್ ಕೊಳವೆ ಊದಿಸಿ, ಸದ್ದು ಕಿವಿಗೆ ಕೇಳದಂತಾಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುತ್ತಿದ್ದರು. ಬೆಳಗಾಗುವುದರೊಳಗೆ ದಿಂಬುಗಳು ವಾಪಸ್ ಹೋಗಬೇಕಿತ್ತು. ಈ ರಾತ್ರಿಗಳಿಂದ ಹುಟ್ಟಿದ ಸೂತ್ರವೇ ಇಂದಿಗೂ ಸ್ಟುಡಿಯೊ ವಿನ್ಯಾಸದ ಅ ಆ ಇ ಈ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಲೆಕ್ಕದ ಮೇಲೆ ಕಟ್ಟಿದ ಮೊದಲ ಸಂಗೀತ ಸಭಾಂಗಣ.

ದಿಂಬು ಎಷ್ಟು ಸದ್ದು ಹೀರುತ್ತದೆಂದು ಹೇಳಲು ಸೇಬಿನ್ ಅವರಿಗೆ ಒಂದು ಅಳತೆಗೋಲು ಬೇಕಿತ್ತು. ಅವರು ಆರಿಸಿಕೊಂಡದ್ದು ತೆರೆದ ಕಿಟಕಿಯನ್ನು. ಕಿಟಕಿಯ ಕಡೆ ಹೋದ ಸದ್ದು ಹೊರಗೆ ಹೊರಟುಹೋಗುತ್ತದೆ, ಮರಳಿ ಬರುವುದಿಲ್ಲ. ಕೋಣೆಯ ಲೆಕ್ಕದಲ್ಲಿ ಅದು ನೂರಕ್ಕೆ ನೂರು ಹೀರಿಕೆ. ಅಂದರೆ ಸದ್ದು ಹೀರುವುದರಲ್ಲಿ ತೆರೆದ ಕಿಟಕಿಯನ್ನು ಮೀರಿಸಿದ ವಸ್ತು ಇಲ್ಲ. ಸದ್ದು ತಡೆಯುವುದರಲ್ಲಿ ಅದಕ್ಕಿಂತ ನಿಷ್ಪ್ರಯೋಜಕ ವಸ್ತುವೂ ಇಲ್ಲ. ಫೋಮು, ಕಂಬಳಿ, ಪರದೆ, ಮೊಟ್ಟೆಯ ಟ್ರೇ ಎಲ್ಲವೂ ಈ ಕಿಟಕಿಯ ಜಾತಿಗೇ ಸೇರಿದವು. ಗಾಳಿಯಾಡುವ ಹಗುರ ವಸ್ತುವಿನಿಂದ ಬೀದಿಯ ಸದ್ದು ತಡೆಯಲು ಹೊರಡುವುದು ಸೊಳ್ಳೆಪರದೆ ಕಟ್ಟಿ ಮಳೆ ತಡೆದ ಹಾಗೆ. ಮೊಟ್ಟೆಯ ಟ್ರೇಯಂತೂ ಹೀರುವ ಕೆಲಸವನ್ನೂ ಅರೆಬರೆ ಮಾಡುತ್ತದೆ. ತೆಳು ರಟ್ಟಾದ್ದರಿಂದ ಬೆಂಕಿಯನ್ನು ಮಾತ್ರ ಪೂರಾ ಹಿಡಿಯುತ್ತದೆ.

ಹಾಗಾದರೆ ತಡೆಯುವುದು ಯಾವುದು? ಎಷ್ಟು ತಡೆಯಬೇಕು ಎಂಬುದನ್ನು ಮೊದಲು ನೋಡೋಣ. ವಾಹನ ಓಡಾಡುವ ರಸ್ತೆಯ ಬದಿಯಲ್ಲಿ 75 ಡೆಸಿಬೆಲ್ ಸದ್ದು ಸಾಮಾನ್ಯ. ಒಳ್ಳೆಯ ಧ್ವನಿಮುದ್ರಣ ಕೋಣೆಯ ಹಿನ್ನೆಲೆ ಸದ್ದು 25 ದಾಟಬಾರದು. ನಡುವಿನ 50 ಡೆಸಿಬೆಲ್ ಗೋಡೆಯ ಜವಾಬ್ದಾರಿ. ಇದು ಚಿಕ್ಕ ಸಂಖ್ಯೆಯಂತೆ ಕಾಣುತ್ತದೆ, ಆದರೆ ಡೆಸಿಬೆಲ್ ಮೆಟ್ಟಿಲು ಹತ್ತರ ಗುಣಕದಲ್ಲಿ ಏರುತ್ತದೆ. 10 ಇಳಿಸಿದರೆ ಸದ್ದಿನ ಶಕ್ತಿ ಹತ್ತರಲ್ಲಿ ಒಂದಾಗುತ್ತದೆ, 20ಕ್ಕೆ ನೂರರಲ್ಲಿ ಒಂದು, 50ಕ್ಕೆ ಲಕ್ಷದಲ್ಲಿ ಒಂದು. ಇನ್ನು ಒಳಗಿನಿಂದ ಹೊರಗೆ ನೋಡಿ. ಡ್ರಮ್ಸ್ ಬಾರಿಸಿದರೆ ಕೋಣೆಯೊಳಗೆ 105 ಡೆಸಿಬೆಲ್ ಏಳುವುದು ಸಹಜ. ವಸತಿ ಪ್ರದೇಶದಲ್ಲಿ ಕಾನೂನು ಒಪ್ಪುವ ಮಿತಿ ಹಗಲು 55, ರಾತ್ರಿ 45. ರಾತ್ರಿ ಪಕ್ಕದ ಮನೆಯವರ ಜಗಳ ಬೇಡವೆಂದರೆ ಗೋಡೆ 60 ಡೆಸಿಬೆಲ್ ತಡೆಯಬೇಕು, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದನ್ನು ಮಾತ್ರ ಬಿಡಬೇಕು.

ಇದಕ್ಕೆ ಬೇಕಾದ ಮೊದಲ ಗುಣ ಭಾರ. ಸದ್ದು ಗೋಡೆಯನ್ನು ಅಲುಗಾಡಿಸಿದರೆ ತಾನೆ ಆಚೆ ಬದಿಯ ಗಾಳಿ ಅಲುಗುವುದು? ಭಾರದ್ದನ್ನು ಅಲುಗಾಡಿಸುವುದು ಕಷ್ಟ. ಎರಡೂ ಕಡೆ ಗಾರೆ ಮೆತ್ತಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ ತಡೆಯುತ್ತದೆ, ನಾಲ್ಕೂವರೆ ಇಂಚಿನದು 45ರ ಆಸುಪಾಸು. ಈಗಿನ ಅಪಾರ್ಟ್‌ಮೆಂಟುಗಳ ಹಗುರ ಎಎಸಿ ಬ್ಲಾಕಿನ ಗೋಡೆ ಅದಕ್ಕಿಂತ ಕಡಿಮೆ. ಹಳೆಯ ಮನೆಯ ದಪ್ಪ ಗೋಡೆಯ ಕೋಣೆ ಸಿಕ್ಕಿದವರು ಅರ್ಧ ಗೆದ್ದಂತೆ. ಆದರೆ ಭಾರಕ್ಕೂ ಮಿತಿಯಿದೆ. ಗೋಡೆಯ ದಪ್ಪವನ್ನು ಎರಡರಷ್ಟು ಮಾಡಿದರೂ ಹೆಚ್ಚುವುದು ಐದಾರು ಡೆಸಿಬೆಲ್ ಮಾತ್ರ. ಜೊತೆಗೆ ತಗ್ಗು ಸ್ಥಾಯಿಯ ಸದ್ದಿನ ಮುಂದೆ ಗೋಡೆಯ ಆಟ ಅಷ್ಟಾಗಿ ನಡೆಯದು; ಸ್ಥಾಯಿ ಇಳಿದಷ್ಟೂ ತಡೆಯುವ ಶಕ್ತಿ ಕುಗ್ಗುತ್ತದೆ. ದೂರದ ಕಲ್ಯಾಣ ಮಂಟಪದ ಆರ್ಕೆಸ್ಟ್ರಾದಲ್ಲಿ ಹಾಡು ಯಾವುದೆಂದು ತಿಳಿಯದಿದ್ದರೂ ಬಾಸ್ ಮಾತ್ರ ಮನೆಯೊಳಗೆ ದುಮ್ ದುಮ್ ಎನ್ನುವುದು ಇದರಿಂದಲೇ.

ಎರಡನೆಯ ಗುಣ ಸಂದಿಲ್ಲದಿರುವುದು. ಇಲ್ಲೊಂದು ಲೆಕ್ಕ ಮಾಡಿ ನೋಡಬೇಕು. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಗೋಡೆ, ವಿಸ್ತೀರ್ಣ 12 ಚದರ ಮೀಟರ್. ಅದರಲ್ಲಿ 90 ಸೆಂಟಿಮೀಟರ್ ಅಗಲದ ಬಾಗಿಲು, ಬಾಗಿಲ ಕೆಳಗೆ ಒಂದು ಸೆಂಟಿಮೀಟರ್ ಸಂದು. ಆ ಸಂದು ಇಡೀ ಗೋಡೆಯ ಲಕ್ಷದಲ್ಲಿ 75 ಪಾಲು. ಬಾಗಿಲನ್ನು ಗೋಡೆಯಷ್ಟೇ ಗಟ್ಟಿ ಎಂದುಕೊಂಡರೂ, ಲಕ್ಷದಲ್ಲಿ ಒಂದು ಪಾಲು ಸದ್ದು ಬಿಡುತ್ತಿದ್ದ ಗೋಡೆ ಈಗ ಅದರ ಮೇಲೆ ಇನ್ನೂ 75 ಪಾಲು ಬಿಡುತ್ತದೆ. 50 ಡೆಸಿಬೆಲ್ ತಡೆಯಬೇಕಿದ್ದದ್ದು 31ಕ್ಕೆ ಇಳಿಯಿತು. ವಾಸ್ತವದಲ್ಲಿ ಬಾಗಿಲೂ ಅಷ್ಟು ಗಟ್ಟಿಯಲ್ಲ. ಅಂಗಡಿಯಲ್ಲಿ ಸಿಗುವ ಫ್ಲಶ್ ಡೋರ್ ತಡೆಯುವುದು ಇಪ್ಪತ್ತು ಇಪ್ಪತ್ತೈದು ಡೆಸಿಬೆಲ್ ಅಷ್ಟೆ. ವೈರು ಹಾಯಿಸಲು ಕೊರೆದ ತೂತು, ಸ್ವಿಚ್ ಬೋರ್ಡಿನ ಬೆನ್ನು, ಕಿಟಕಿ ಚೌಕಟ್ಟಿನ ಅಂಚು, ಎಸಿಯ ಪೈಪಿನ ಸುತ್ತ ಬಿಟ್ಟ ಜಾಗ ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. ಹಳೆಯ ಆಕಾಶವಾಣಿ ಕೇಂದ್ರಗಳಲ್ಲಿ ಸ್ಟುಡಿಯೊಗೆ ಎರಡು ಭಾರದ ಬಾಗಿಲು, ನಡುವೆ ಒಬ್ಬರು ನಿಲ್ಲುವಷ್ಟು ಪುಟ್ಟ ಕೋಣೆ ಇರುವುದನ್ನು ಹೋದವರು ಕಂಡಿರುತ್ತಾರೆ. ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದನ್ನು ತೆರೆಯಬೇಕು. ಬಾಗಿಲು ಎಷ್ಟೇ ಚೆನ್ನಾಗಿದ್ದರೂ ಗೋಡೆಗೆ ಸಮವಾಗದು ಎಂದು ಬಲ್ಲವರ ವ್ಯವಸ್ಥೆ ಅದು.

ಮೂರನೆಯ ಗುಣ ಬೇರ್ಪಡಿಸುವುದು, ಮತ್ತು ಖರ್ಚು ಏರುವುದು ಇಲ್ಲಿಯೇ. ಮೇಲಿನ ಮನೆಯಲ್ಲಿ ಎಳೆದ ಕುರ್ಚಿ, ಲಿಫ್ಟಿನ ಯಂತ್ರ, ನೀರಿನ ಪಂಪು ಇವುಗಳ ಸದ್ದು ಗಾಳಿಯಲ್ಲಿ ಬರುವುದಿಲ್ಲ. ಕಾಂಕ್ರೀಟಿನ ಮೈಯೊಳಗೇ ನಡುಕವಾಗಿ ಬಂದು ಗೋಡೆಯನ್ನೇ ಸ್ಪೀಕರ್ ಮಾಡಿಬಿಡುತ್ತದೆ. ಇದನ್ನು ತಪ್ಪಿಸಲು ವೃತ್ತಿಪರ ಸ್ಟುಡಿಯೊಗಳು ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟುತ್ತವೆ. ಒಳಗಿನ ನೆಲ ರಬ್ಬರಿನ ದಿಮ್ಮಿಗಳ ಮೇಲೋ ಸ್ಪ್ರಿಂಗಿನ ಮೇಲೋ ಕೂರುತ್ತದೆ. ಒಳಗೋಡೆ ಆ ನೆಲದ ಮೇಲೆ ನಿಲ್ಲುತ್ತದೆ, ಒಳಚಾವಣಿ ಆ ಗೋಡೆಯ ಮೇಲೆ. ಹೊರಗಿನ ಕಟ್ಟಡಕ್ಕೂ ಇದಕ್ಕೂ ಎಲ್ಲೂ ನೇರ ಸಂಪರ್ಕ ಇರಕೂಡದು. ನಡುವಿನ ಟೊಳ್ಳಿಗೆ ರಾಕ್‌ವೂಲ್, ಅಂದರೆ ಕಲ್ಲಿನ ನಾರಿನ ಹಾಸು, ತುಂಬುತ್ತಾರೆ. ದಪ್ಪ ಎರಡರಷ್ಟಾದಾಗ ಐದಾರು ಡೆಸಿಬೆಲ್ ಕೊಟ್ಟ ಅದೇ ಇಟ್ಟಿಗೆ, ಎರಡು ಬೇರೆ ಗೋಡೆಗಳಾಗಿ ನಿಂತಾಗ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೊಡುತ್ತದೆ. ಆದರೆ ಬಡಗಿ ಅವಸರದಲ್ಲಿ ಹೊರಗೋಡೆಯವರೆಗೆ ಹೊಡೆದ ಒಂದು ಉದ್ದನೆಯ ಮೊಳೆ, ಎರಡನ್ನೂ ತಾಗಿಸಿಕೊಂಡು ಹೋದ ಒಂದು ಪೈಪು ಸಾಕು, ನಡುಕ ಒಳಕ್ಕೆ ದಾಟಲು. ತೂಕವನ್ನೂ ಮರೆಯಬಾರದು. ಹತ್ತು ಸೆಂಟಿಮೀಟರ್ ಕಾಂಕ್ರೀಟ್ ನೆಲ ಚದರ ಮೀಟರಿಗೆ 240 ಕಿಲೊ. 12 ಚದರ ಮೀಟರ್ ಕೋಣೆಗೆ ಸುಮಾರು ಮೂರು ಟನ್. ಮಹಡಿಯ ಮೇಲೆ ಇದನ್ನು ಮಾಡುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳಲೇಬೇಕು. ಸ್ಟುಡಿಯೊ ನೆಲಮಹಡಿಯಲ್ಲಿರಲಿ ಎಂದು ತಿಳಿದವರು ಹೇಳುವುದಕ್ಕೆ ಇದೂ ಒಂದು ಕಾರಣ.

ಹಾಡುವವರ ಕೋಣೆಗೂ ಎಂಜಿನಿಯರ್ ಕೂರುವ ಕೋಣೆಗೂ ನಡುವಿನ ಗಾಜಿನಲ್ಲೂ ಇದೇ ನ್ಯಾಯ. ಗಾಜು ಎರಡಿರಬೇಕು, ನಡುವೆ ಅಗಲವಾದ ಟೊಳ್ಳಿರಬೇಕು, ಎರಡರ ದಪ್ಪವೂ ಬೇರೆ ಇರಬೇಕು. ಪ್ರತಿ ಗಾಜೂ ತನ್ನ ದಪ್ಪಕ್ಕೆ ತಕ್ಕ ಒಂದು ಸ್ವರಸ್ಥಾನದಲ್ಲಿ ಸೋಲುತ್ತದೆ. 6 ಮಿಲಿಮೀಟರ್ ಗಾಜು ಸುಮಾರು 2000 ಹರ್ಟ್ಜ್ ಬಳಿ, 10 ಮಿಲಿಮೀಟರಿನದು 1200ರ ಬಳಿ. ಎರಡೂ ಒಂದೇ ದಪ್ಪವಾದರೆ ಎರಡೂ ಒಂದೇ ಕಡೆ ಸೋಲುತ್ತವೆ. ಇನ್ನು ಎಸಿ. ಸಂದಿಲ್ಲದೆ ಮುಚ್ಚಿದ ಕೋಣೆಯಲ್ಲಿ ಉಸಿರಾಡಲು ಹೊಸ ಗಾಳಿ ಬೇಕೇ ಬೇಕು, ಮತ್ತು ಗಾಳಿ ಬರುವ ದಾರಿಯಲ್ಲೇ ಸದ್ದೂ ಬರುತ್ತದೆ. ದೊಡ್ಡ ಸ್ಟುಡಿಯೊಗಳು ಅಗಲವಾದ ಕೊಳವೆಯಲ್ಲಿ, ಒಳಗೆ ಹೀರುವ ಹೊದಿಕೆ ಹಾಕಿ, ತಿರುವು ಕೊಟ್ಟು, ಗಾಳಿಯನ್ನು ನಿಧಾನವಾಗಿ ಬಿಡುತ್ತವೆ. ವೇಗ ಅರ್ಧವಾದರೆ ಗಾಳಿಯ ಸುಯ್ಲು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅಷ್ಟು ಖರ್ಚು ಮಾಡಲಾರದ ಪುಟ್ಟ ಸ್ಟುಡಿಯೊದಲ್ಲಿ ಟೇಕ್ ಶುರುವಾದಾಗ ಎಸಿ ಆರಿಸಿ, ಮುಗಿದೊಡನೆ ಹಾಕುತ್ತಾರೆ. ಗಾಯಕರು ಬೆವರುತ್ತಾರೆ, ಧ್ವನಿಮುದ್ರಣ ಉಳಿಯುತ್ತದೆ.

ಇಷ್ಟಾದ ಮೇಲೆ ಎರಡನೆಯ ಕೆಲಸ, ಒಳಗಿನ ಹದ. ಫೋಮಿನ ಸರದಿ ಬರುವುದು ಈಗ. ನಾಲ್ಕು ಮೀಟರ್ ಉದ್ದ, ಮೂರು ಅಗಲ, ಮೂರು ಎತ್ತರದ ಬರಿಯ ಕೋಣೆಯನ್ನೇ ತೆಗೆದುಕೊಳ್ಳೋಣ. ಗಾತ್ರ 36 ಘನ ಮೀಟರ್, ಒಳಮೈ 66 ಚದರ ಮೀಟರ್. ಗಾರೆ, ಟೈಲ್ಸು ಬಡಿದ ಸದ್ದಿನಲ್ಲಿ ನೂರಕ್ಕೆ ಮೂರು ಪಾಲನ್ನೂ ಹೀರುವುದು ಕಷ್ಟ. ಮೂರೇ ಎಂದು ಹಿಡಿದರೂ ಸೇಬಿನ್ ಲೆಕ್ಕದಲ್ಲಿ ಈ ಕೋಣೆಯ ಹೀರಿಕೆ ಎರಡು ಚದರ ಮೀಟರ್ ತೆರೆದ ಕಿಟಕಿಗೆ ಸಮ. ಗಾತ್ರವನ್ನು 0.161ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಅನುರಣನದ ಕಾಲ ಸುಮಾರು ಮೂರು ಸೆಕೆಂಡು. ಮಾತಿನ ಧ್ವನಿಮುದ್ರಣಕ್ಕೆ ಬೇಕಾದದ್ದು ಅದರ ಹತ್ತರಲ್ಲಿ ಒಂದು, 0.3 ಸೆಕೆಂಡು. ಅದಕ್ಕೆ 19 ಚದರ ಮೀಟರ್ ಕಿಟಕಿಗೆ ಸಮನಾದ ಹೀರಿಕೆ ಬೇಕು. ನೂರಕ್ಕೆ ಎಂಬತ್ತು ಹೀರುವ ವಸ್ತುವಾದರೆ 24 ಚದರ ಮೀಟರ್, ಅಂದರೆ ಒಳಮೈಯ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಪುಟ್ಟ ಕೋಣೆಯಲ್ಲಿ ಈ ಸೂತ್ರ ಅಂದಾಜು ಮಾತ್ರ. ಆದರೂ ಗೋಡೆಗೋಡೆಗೂ ಫೋಮ್ ಅಂಟಿಸಬೇಕಿಲ್ಲ ಎಂಬಷ್ಟನ್ನು ಅದು ಖಚಿತವಾಗಿ ಹೇಳುತ್ತದೆ.

ಅಂಟಿಸಿದರೆ ನಷ್ಟವೂ ಇದೆ. ತೆಳು ಫೋಮು ತಾರ ಸ್ಥಾಯಿಯನ್ನು ಚೆನ್ನಾಗಿ ನುಂಗುತ್ತದೆ, ಮಂದ್ರವನ್ನು ಮುಟ್ಟುವುದಿಲ್ಲ. 10,000 ಹರ್ಟ್ಜ್ ಸದ್ದಿನ ಅಲೆ ಮೂರೂವರೆ ಸೆಂಟಿಮೀಟರ್ ಉದ್ದ. 100 ಹರ್ಟ್ಜಿನ ಅಲೆ ಮೂರೂವರೆ ಮೀಟರಿಗೆ ಹತ್ತಿರ. ಅಲೆಯನ್ನು ಚೆನ್ನಾಗಿ ಹಿಡಿಯಲು ಅದರ ಕಾಲು ಭಾಗದಷ್ಟು ಆಳ ಬೇಕು. 100 ಹರ್ಟ್ಜ್‌ಗೆ ಅದು 86 ಸೆಂಟಿಮೀಟರ್. ಎರಡು ಇಂಚಿನ ಫೋಮು ಅಲ್ಲಿ ಏನು ಮಾಡೀತು? ಪರಿಣಾಮವಾಗಿ ಕೋಣೆ ಮಂಕಾಗುತ್ತದೆ, ಸ ಶ ಷಗಳ ಹೊಳಪು ಹೋಗುತ್ತದೆ, ಬಾಸ್ ಮಾತ್ರ ಗುಂಯ್‌ಗುಡುತ್ತ ಉಳಿಯುತ್ತದೆ.

ಮಂದ್ರದ ತೊಂದರೆಗೆ ಕೋಣೆಯ ಅಳತೆಯೇ ಮೂಲ. ಎದುರುಬದುರಿನ ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ಸ್ವರ ಕೋಣೆಯಲ್ಲಿ ಮೊಳಗಿಬಿಡುತ್ತದೆ. ನಾಲ್ಕು ಮೀಟರಿಗೆ ಅದು 43 ಹರ್ಟ್ಜ್, ಮೂರು ಮೀಟರಿಗೆ 57. ಬಾಸ್ ಗಿಟಾರಿನ ದಪ್ಪ ತಂತಿಯ ಬಿಡಿ ಸ್ವರ 41 ಹರ್ಟ್ಜ್, ಮುಂದಿನ ಮನೆ ಒತ್ತಿದರೆ ಸುಮಾರು 44. ಅಂದರೆ ವಾದಕರು ಒಂದೇ ಬಲದಲ್ಲಿ ಮೀಟಿದರೂ ಆ ಒಂದು ಸ್ವರ ಎದ್ದು ಕೂಗುತ್ತದೆ, ಪಕ್ಕದ್ದು ಸೊರಗುತ್ತದೆ. ನಮ್ಮ ಉದಾಹರಣೆಯ ಕೋಣೆಯಲ್ಲಿ ಅಗಲ, ಎತ್ತರ ಎರಡೂ ಮೂರೇ ಮೀಟರ್. 57 ಹರ್ಟ್ಜ್ ಎರಡು ಕಡೆಯಿಂದ ಒಟ್ಟಾಗಿ ಮೊಳಗುತ್ತದೆ. ಚೌಕಾಕಾರದ ಕೋಣೆ ಬೇಡ ಎನ್ನುವುದು ಇದಕ್ಕೇ. ಮಿಕ್ಸಿಂಗ್ ಮಾಡುವ ಕೋಣೆಯಲ್ಲಿ ಈ ತೊಂದರೆ ಇನ್ನೂ ದುಬಾರಿ. ಎಂಜಿನಿಯರ್ ಕುಳಿತ ಜಾಗದಲ್ಲಿ ಬಾಸ್ ಸೊರಗಿ ಕೇಳಿದರೆ ಅವರು ಅದನ್ನು ಏರಿಸುತ್ತಾರೆ. ಅದೇ ಹಾಡು ಕಾರಿನಲ್ಲಿ ಗುಡುಗುತ್ತದೆ, ಸಾಹಿತ್ಯ ಕೇಳುವುದೇ ಇಲ್ಲ. ಪರಿಹಾರವೆಂದರೆ ಮೂಲೆಗಳಲ್ಲಿ ನೆಲದಿಂದ ಚಾವಣಿಯವರೆಗೆ ದಪ್ಪನಾದ ರಾಕ್‌ವೂಲ್ ಕಂಬ. ಮಂದ್ರದ ಒತ್ತಡವೆಲ್ಲ ಮೂಲೆಯಲ್ಲೇ ಒಟ್ಟಾಗುವುದರಿಂದ ಅಲ್ಲಿ ಹಾಕಿದ ಒಂದು ಅಡಿ ದಪ್ಪಕ್ಕೆ ಬೆಲೆ ಹೆಚ್ಚು.

ಎಲ್ಲವನ್ನೂ ಹೀರಿಬಿಡುವುದೂ ತಪ್ಪೇ. ಪೂರಾ ಸತ್ತ ಕೋಣೆಯಲ್ಲಿ ಗಾಯಕರಿಗೆ ತಮ್ಮ ಧ್ವನಿಯೇ ಮರಳಿ ಬಾರದೆ, ಹಾಡು ಕಟ್ಟುವುದು ಕಷ್ಟವಾಗುತ್ತದೆ. ಕೆಲವು ಕಡೆ ಸದ್ದನ್ನು ನುಂಗದೆ ಚದುರಿಸಬೇಕು. 1970ರ ದಶಕದಲ್ಲಿ ಜರ್ಮನ್ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ ಇದಕ್ಕೆ ಅಂಕಗಣಿತದಿಂದ ಉಪಾಯ ತೆಗೆದರು. 0ಯಿಂದ 6ರವರೆಗಿನ ಅಂಕಿಗಳ ವರ್ಗವನ್ನು 7ರಿಂದ ಭಾಗಿಸಿದರೆ ಉಳಿಯುವ ಶೇಷ 0, 1, 4, 2, 2, 4, 1. ಇದೇ ಅನುಪಾತದ ಆಳದಲ್ಲಿ ಮರದ ಗೂಡುಗಳನ್ನು ಮಾಡಿ ಗೋಡೆಗೆ ನಿಲ್ಲಿಸಿದರೆ, ಬಡಿದ ಸದ್ದು ಒಂದೇ ದಿಕ್ಕಿಗೆ ಚಿಮ್ಮದೆ ಹಲವು ದಿಕ್ಕಿಗೆ ಹರಡುತ್ತದೆ. ಸ್ಟುಡಿಯೊ ಹಿಂಗೋಡೆಯಲ್ಲಿ ಅಲಂಕಾರದಂತೆ ಕಾಣುವ ಮರದ ಏರುತಗ್ಗು ಹಲವೆಡೆ ಈ ಲೆಕ್ಕದ್ದೇ.

ಅನುರಣನವನ್ನು ಬೇಕೆಂದೇ ಹುಡುಕಿಕೊಂಡು ಹೋದವರೂ ಇದ್ದಾರೆ. 1947ರಲ್ಲಿ ಶಿಕಾಗೊದ ಬಿಲ್ ಪುಟ್ನಂ ಹಾರ್ಮೋನಿಕಾ ತಂಡವೊಂದರ ಹಾಡಿಗೆ ಸ್ಟುಡಿಯೊ ಕಟ್ಟಡದ ಬಚ್ಚಲುಮನೆಯಲ್ಲಿ ಸ್ಪೀಕರ್, ಮೈಕು ಇಟ್ಟು ಗುಂಗು ಸೇರಿಸಿದರು. ಹಾಡು ಅಮೆರಿಕದಲ್ಲಿ ಭಾರಿ ಗೆದ್ದಿತು. ನಮ್ಮಲ್ಲಿ ದಶಕಗಳ ಕಾಲ ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣ ಹೆಚ್ಚಾಗಿ ನಡೆದದ್ದು ಮದ್ರಾಸಿನಲ್ಲಿ. ಗಾಯಕರು, ವಾದ್ಯವೃಂದ ಒಟ್ಟಿಗೆ ಸೇರಿ ಹಾಡನ್ನು ಒಂದೇ ಸಲಕ್ಕೆ ಮುಗಿಸುತ್ತಿದ್ದ ಕಾಲ ಅದು. ಆ ಹಾಡುಗಳಲ್ಲಿ ಕೇಳುವ ಸದ್ದಿನಲ್ಲಿ ಸಭಾಂಗಣದ ಪಾಲೂ ಇದೆ. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೊ ಕಟ್ಟಿದಾಗ ಕನ್ನಡಕ್ಕೆ ತನ್ನ ಊರಲ್ಲೇ ಅಂಥದೊಂದು ಜಾಗ ಸಿಕ್ಕಿತು. ಈಗ ಯಾವ ಸಭಾಂಗಣದ ಗುಂಗನ್ನಾದರೂ ಸಾಫ್ಟ್‌ವೇರ್ ಕೊಡುತ್ತದೆ. ಕೆಟ್ಟ ಕೋಣೆಯ ಗುಂಗನ್ನು ಧ್ವನಿಗೆ ಗಾಯವಾಗದಂತೆ ಪೂರ್ತಿ ತೆಗೆಯುವುದು ಮಾತ್ರ ಇನ್ನೂ ಕಷ್ಟ. ಮೈಕಿಗೆ ಮೊದಲು ಶುದ್ಧ ಸದ್ದು ಬೀಳಬೇಕು ಎಂಬ ಹಟ ಇದಕ್ಕಾಗಿಯೇ.

ಕೊನೆಯದಾಗಿ, ಮರೆಯಬಾರದ ಮಾತು ಬೆಂಕಿಯದು. 2003ರ ಫೆಬ್ರುವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ಒಂದು ನೈಟ್‌ಕ್ಲಬ್ಬಿನಲ್ಲಿ ವೇದಿಕೆಯ ಪಟಾಕಿಯ ಕಿಡಿ, ಸದ್ದಿಗೆಂದು ಗೋಡೆಗೆ ಅಂಟಿಸಿದ್ದ ಪಾಲಿಯುರಿಥೇನ್ ಫೋಮಿಗೆ ತಗುಲಿತು. ನೂರು ಜನ ಸತ್ತರು. ನಮ್ಮ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ 1989ರ ಫೆಬ್ರುವರಿ 8ರಂದು, ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಹೊತ್ತಿದ ಬೆಂಕಿಗೆ 62 ಜನ ಬಲಿಯಾದರು. ಅದು ಚಿತ್ರೀಕರಣದ ಜಾಗ, ಧ್ವನಿಮುದ್ರಣದ್ದಲ್ಲ. ಆದರೆ ಗೋಡೆಗೆ ಬೆಂಕಿ ತಡೆಯುವ ಸಾಮಗ್ರಿಯ ಬದಲು ಗೋಣಿತಾಟು ಇದ್ದದ್ದು, ಗಾಳಿಕಿಂಡಿ ಇಲ್ಲದ್ದು ಅನಾಹುತವನ್ನು ಹೆಚ್ಚಿಸಿದ್ದವು. ಕಿಟಕಿ ಮುಚ್ಚಿ, ಒಂದೇ ಬಾಗಿಲಿಟ್ಟು, ಉರಿಯುವ ವಸ್ತು ಹೊದಿಸಿದ ಪುಟ್ಟ ಸ್ಟುಡಿಯೊ ಎಂಥ ಅಪಾಯವೆಂದು ಬೇರೆ ಹೇಳಬೇಕಿಲ್ಲ. ರಾಕ್‌ವೂಲ್, ಗ್ಲಾಸ್‌ವೂಲ್ ಉರಿಯುವುದಿಲ್ಲ. ಅವುಗಳ ನಾರು ಮೂಗಿಗೆ ಹೋಗದಂತೆ ಬೆಂಕಿ ಹಿಡಿಯದ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ, ಫೋಮಿಗಿಂತ ಒಳ್ಳೆಯ ಕೆಲಸವನ್ನೇ ಮಾಡುತ್ತವೆ.

ಸ್ಟುಡಿಯೊ ಮಾಡಹೊರಟವರು ದುಡ್ಡನ್ನು ಈ ಕ್ರಮದಲ್ಲಿ ಖರ್ಚು ಮಾಡಲಿ. ಮೊದಲು ಜಾಗ: ರಸ್ತೆಯಿಂದ, ಪಂಪಿನಿಂದ, ಲಿಫ್ಟಿನಿಂದ ದೂರದ, ದಪ್ಪ ಗೋಡೆಯ ಕೋಣೆ. ಆಮೇಲೆ ಬಾಗಿಲು, ಕಿಟಕಿ, ಸಂದುಗಳು. ಆಮೇಲೆ ಮೂಲೆಯ ರಾಕ್‌ವೂಲ್. ಅದಾದ ಮೇಲೆ ಗೋಡೆಯ ಹೊದಿಕೆ, ನೆಲದ ಜಮಖಾನೆ. ದುಬಾರಿ ಮೈಕು ಎಲ್ಲಕ್ಕಿಂತ ಕೊನೆಗೆ. ಒಬ್ಬರೇ ಕುಳಿತು ಓದಿ ಧ್ವನಿಮುದ್ರಿಸುವವರಿಗೆ ಇಷ್ಟೂ ಬೇಕಿಲ್ಲ. ಬಟ್ಟೆ ತುಂಬಿದ ಬೀರು, ಹಾಸಿಗೆ, ದಪ್ಪ ಪರದೆ ಇರುವ ಮಲಗುವ ಕೋಣೆ ಮತ್ತು ಬೆಳಗಿನ ಜಾವ ಸಾಕು. ಅಂಗಡಿಯಲ್ಲಿ ಯಾವುದೇ ‘ಸೌಂಡ್‌ಪ್ರೂಫ್’ ಮಾಲನ್ನು ತೋರಿಸಿದರೆ ಮೂರು ಪ್ರಶ್ನೆ ಕೇಳಿ: ಇದು ಎಷ್ಟು ಹೀರುತ್ತದೆ, ಎಷ್ಟು ಡೆಸಿಬೆಲ್ ತಡೆಯುತ್ತದೆ, ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ಎಲ್ಲಿದೆ. ಮೂರಕ್ಕೂ ಉತ್ತರ ಸಿಗದಿದ್ದರೆ ಕೊಳ್ಳಬೇಡಿ.